ಒದ್ದೆ ಧೂಳು

ಅಕ್ಟೋಬರ್ 9, ಗುರುವಾರ

ಟ್ರ್ಯಾಮ್ ಮತ್ತೆ ತಡ. ಎರಡನೇ ವರ್ಷದವರ ಲ್ಯಾಬ್ ಅರ್ಧಕ್ಕೇ ನಿಂತಿತು. ಆಸಿಲೋಸ್ಕೋಪ್‌ಗಳಲ್ಲಿ ಕೆಲಸ ಮಾಡುವುದು ಎರಡೇ, ಉಳಿದವಕ್ಕೆ ಬಟ್ಟೆ ಹೊದಿಸಿ ಅಲಂಕಾರಕ್ಕೆ ಇಟ್ಟಿದ್ದೇವೆ. ಮಧ್ಯಾಹ್ನ ಗೇಟಿನ ಹೊರಗೆ ನಿಂತೇ ಬ್ರೆಡ್ಡಿನಲ್ಲಿ ಕಡಲೆಹಿಟ್ಟಿನ ಕರಂತಿಕಾ ಇಟ್ಟು ತಿಂದೆ. ಜೀರಿಗೆ ಜಾಸ್ತಿ.

ಸಂಜೆ ಒಂದು ಮೇಲ್. ಯೂರೋಪಿನ ಜರ್ನಲ್‌ನವರದು. ಒಂದು ಪೇಪರ್ ಪರಿಶೀಲಿಸಿ ಕೊಡುತ್ತೀರಾ ಎಂದು. ಮರಳಗಾಳಿ ಎದ್ದಾಗ ಟವರ್‌ನಿಂದ ಟವರ್‌ಗೆ ಹೋಗುವ ಸಿಗ್ನಲ್ ಎಷ್ಟು ಕುಂದುತ್ತದೆ — ನನ್ನದೇ ವಿಷಯ. ಬರೆದವರ ಹೆಸರು ನೋಡಿದೆ: ಮಬ್ರೂಕಾ ಹಮ್ಮೂದಿ, ಅದ್ರಾರ್.

ನಮ್ಮ ಮಬ್ರೂಕಾ! ಸ್ನಾತಕೋತ್ತರ ಪ್ರಬಂಧ ನನ್ನ ಕೈಕೆಳಗೇ ಬರೆದವಳು. ದಕ್ಷಿಣದ ಮರುಭೂಮಿಯ ಹುಡುಗಿ, ನಮ್ಮ ಓರಾನ್ ಚಳಿ ಎಂದು ಮೇ ತಿಂಗಳಲ್ಲೂ ಸ್ವೆಟರ್ ಹಾಕುತ್ತಿದ್ದಳು. ಹಾಸ್ಟೆಲ್ ಮುಚ್ಚಿದಾಗಲೆಲ್ಲ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಆಮೇಲೆ ಡಾಕ್ಟರೇಟ್ ಮಾಡಲು ಊರಿಗೇ ಹೋದಳು.

ಗೊತ್ತಿರುವವರ ಪೇಪರ್ ನೋಡಬಾರದು, ನಿಯಮ. 'ಆಗುವುದಿಲ್ಲ' ಎಂದು ಬರೆಯಬೇಕಿತ್ತು. 'ಒಪ್ಪಿದೆ' ಒತ್ತಿದೆ. ಓದುವ ಆಸೆ, ಅಷ್ಟೇ... ನೋಡಿದವರು ಯಾರೆಂದು ಬರೆದವರಿಗೆ ಯಾವತ್ತೂ ತಿಳಿಸುವುದಿಲ್ಲವಲ್ಲ.

ಅಕ್ಟೋಬರ್ 12

ಓದಿದೆ. ಮತ್ತೆ ಓದಿದೆ.

ನಾನು ಕಂಪ್ಯೂಟರಿನೊಳಗೆ ಮರಳಗಾಳಿ ಎಬ್ಬಿಸುವವನು. ಇವಳು ನಿಜವಾದ ಗಾಳಿಯಲ್ಲಿ ನಿಂತು ಅಳೆದಿದ್ದಾಳೆ. ಊರಾಚೆ ಎರಡು ಕಂಬ ನೆಟ್ಟು, ಗಾಳಿ ಎದ್ದಾಗಲೆಲ್ಲ ಓಡಿ ಹೋಗಿ. ಒಣ ಧೂಳು ಸಿಗ್ನಲ್‌ಗೆ ಅಷ್ಟೇನೂ ಮಾಡುವುದಿಲ್ಲವಂತೆ. ತೇವ ಹೀರಿದ ಧೂಳು — ಅದೇ ಕಳ್ಳ. ನನ್ನ ಲೆಕ್ಕ ವರ್ಷಗಟ್ಟಲೆ ಎಲ್ಲಿ ಎಡವುತ್ತಿತ್ತು ಎಂದು ಈಗ ತಿಳಿಯಿತು. ಅವಳು ಅದನ್ನು ಒಂದೇ ಪ್ಯಾರಾದಲ್ಲಿ ಹೇಳಿ ಮುಂದೆ ಹೋಗಿದ್ದಾಳೆ.

ಸಂತೋಷ ಆಗಬೇಕಿತ್ತು. ನನ್ನ ವಿದ್ಯಾರ್ಥಿನಿ. ಆಗಲಿಲ್ಲ.

ಹೆಂಡತಿ ವಹೀಬಾ ಕೇಳಿದಳು, "ಯಾಕೆ ಮುಖ ಹಾಗಿದೆ?"

"ಗ್ಯಾಸು" ಎಂದೆ. ಪುದೀನ ಕುದಿಸಿ ಕೊಟ್ಟಳು. ಕುಡಿದೆ.

ಅಕ್ಟೋಬರ್ 30

ಸಂಪಾದಕರಿಂದ ಜ್ಞಾಪನೆ. ಕೂತು ಬರೆದು ಕಳಿಸಿದೆ. ತಿರಸ್ಕರಿಸಬಹುದು ಎಂದು.

ಕಾರಣಗಳು: ಅಳತೆ ಸಾಲದು, ಇನ್ನೂ ಕೆಲವು ವರ್ಷದ ಗಾಳಿ ಬೇಕು. ಇಂಗ್ಲಿಷ್ ಸಡಿಲ. ಈ ವಿಷಯದಲ್ಲಿ ಹಿಂದೆ ಆಗಿರುವ ಮುಖ್ಯ ಕೆಲಸಗಳನ್ನು ಗಮನಿಸಿಲ್ಲ — ಮೂರು ಪೇಪರ್ ಹೆಸರಿಸಿದೆ. ಎರಡು ನನ್ನವು. ಎಲ್ಲರೂ ಮಾಡುತ್ತಾರೆ.

ಒಂದೊಂದೇ ವಾಕ್ಯ ತೆಗೆದು ನೋಡಿದರೆ ಸುಳ್ಳಿಲ್ಲ. ಅಳತೆ ಯಾರದ್ದು ತಾನೇ ಸಾಕಾಗುತ್ತದೆ? ಆದರೆ ಒಟ್ಟಾಗಿ ಓದಿದರೆ...

ಓದಲಿಲ್ಲ.

ನವೆಂಬರ್ 20

ತೇವವನ್ನು ನನ್ನ ಲೆಕ್ಕಕ್ಕೆ ಸೇರಿಸಿದೆ. ವಕ್ರರೇಖೆ, ಹೇಳಿದ ಮಾತು ಕೇಳುವ ಮಗುವಿನಂತೆ, ಅಳತೆಯ ಬಿಂದುಗಳ ಮೇಲೆ ಬಂದು ಕೂತಿತು. ಬೇಗ ಬೇಗ ಬರೆದು ಟ್ಯುನಿಸ್ ಸಮ್ಮೇಳನಕ್ಕೆ ಕಳಿಸಿದೆ.

ನನಗೂ ಹೊಳೆದೇ ಹೊಳೆಯುತ್ತಿತ್ತು. ಇವತ್ತಲ್ಲದಿದ್ದರೆ ನಾಳೆ.

ಇದನ್ನು ಇಲ್ಲಿ ಯಾರಿಗೆ ಹೇಳುತ್ತಿದ್ದೇನೆ? ಓದುವವರು ಯಾರೂ ಇಲ್ಲವಲ್ಲ.

ಡಿಸೆಂಬರ್ 5, ಶುಕ್ರವಾರ

ಮಬ್ರೂಕಾ ಬಂದಳು. ಅದ್ರಾರ್‌ನಿಂದ ಬಸ್ಸಿನಲ್ಲಿ. ಬೆಳಿಗ್ಗೆ ಫೋನ್ ಮಾಡಿ "ಉಸ್ತಾದ್, ಓರಾನ್‌ನಲ್ಲಿದೀನಿ, ಬರ್ಲಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ತಾಯಿ, ನಮ್ಮೆಲ್ಲರ ಯಮ್ಮ, ಫೋನ್ ಕಿತ್ತುಕೊಂಡು, "ಬಾ ಮಗಳೇ, ಕುಸ್‌ಕುಸ್ ಒಲೆ ಮೇಲಿದೆ" ಎಂದಾಗಿತ್ತು.

ನಾಲ್ವರೂ ದೊಡ್ಡ ಬೋಗುಣಿಯ ಸುತ್ತ ಕೂತೆವು. ಅವಳು ತಂದ ಖರ್ಜೂರ, ಯಮ್ಮನ ಮಜ್ಜಿಗೆ.

"ಯಾಕೆ ಇಷ್ಟು ಸೊರಗಿದೀಯಾ?" ಯಮ್ಮ ಕೇಳಿದಳು.

"ಪೇಪರ್ ವಾಪಸ್ ಬಂತು ಯಮ್ಮಾ. ಜೂನ್ ಒಳಗೆ ಒಂದಾದ್ರೂ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ನನ್ನ ನೋಂದಣಿ ರದ್ದು. ಡಾಕ್ಟರೇಟ್ ಅಲ್ಲಿಗೆ ಮುಗೀತು."

"ಯಾರು ವಾಪಸ್ ಮಾಡಿದ್ದು?"

"ಇಬ್ರು ನೋಡಿದ್ರು. ಒಬ್ರು ತುಂಬಾ ಚೆನ್ನಾಗಿದೆ ಅಂದ್ರು. ಇನ್ನೊಬ್ರು ಬೇಡವೇ ಬೇಡ ಅಂದ್ರು. ಹೆಸರು ಹೇಳಲ್ಲ ಅವರು."

"ಅಂದ್ರೆ ಮುಖ ಮುಚ್ಕೊಂಡು ಕಲ್ಲು ಹೊಡೆಯೋನು!" ಯಮ್ಮ ಚಮಚ ಕೆಳಗಿಟ್ಟಳು. "ಅವನ ಕೈ ಸೇದಿಹೋಗ! ಅವನನ್ನ ಹೆತ್ತವಳು ಏನು ಕಲಿಸಿದ್ಲೋ!"

ವಹೀಬಾ ನಕ್ಕಳು. "ಅತ್ತೆ, ಅವರಮ್ಮನ್ನ ಯಾಕೆ ಎಳೀತೀರ, ಪಾಪ?"

"ಎಳೀಬೇಕು. ಇಂಥವನನ್ನ ಹೆತ್ತ ಮೇಲೆ ಬೈಸ್ಕೊಳ್ಳಲಿ."

ಮಬ್ರೂಕಾ ನಗಲಿಲ್ಲ. ತನ್ನ ಮುಂದಿನ ಕಡಲೆಕಾಳನ್ನು ಚಮಚದಿಂದ ಆಚೀಚೆ ಉರುಳಿಸುತ್ತಿದ್ದಳು. ಯಮ್ಮ ದೊಡ್ಡ ಮಾಂಸದ ತುಂಡನ್ನು ನನ್ನ ಕಡೆ ತಳ್ಳಿದಳು.

"ಜೂಬೀರ್, ನೀನೇ ಸರಿ ಮಾಡ್ಕೊಡು. ಅವನೇನು ನಿನಗಿಂತ ತಿಳಿದೋನಾ?"

"ನೋಡೋಣ ಯಮ್ಮಾ."

ಮಾಂಸ ತಿಂದೆ. ಗಂಟಲಲ್ಲಿ ಇಳಿಯಿತು ಕೂಡ. ಅದೇ ಆಶ್ಚರ್ಯ.

ಡಿಸೆಂಬರ್ 7, ಭಾನುವಾರ

ಬೆಳಿಗ್ಗೆ ಲ್ಯಾಬಿನಲ್ಲಿ ಇಬ್ಬರೂ ಕೂತೆವು. ನಾನೇ ಬರೆದ ವರದಿಯನ್ನು ಅವಳು ಪರದೆಯ ಮೇಲೆ ತೆರೆದಳು. ಮೊದಲ ಸಲ ನೋಡುವವನಂತೆ ಓದಿದೆ. "ಹ್ಞಾಂ... ಸ್ವಲ್ಪ ಕಟುವಾಗಿದೆ" ಎಂದೆ. ಹಾಗೇ ಎಂದೆ.

"ಇಲ್ಲಿ ನಿಮ್ಮ ಎರಡು ಪೇಪರ್ ಸೇರಿಸಬೇಕು ಅಂದಿದಾರೆ ಉಸ್ತಾದ್. ಸೇರಿಸ್ಲಾ?"

"ಅಗತ್ಯ ಇಲ್ಲ."

"ಸೇರಿಸ್ತೀನಿ. ನಾನು ಕಲಿತಿದ್ದು ಅವುಗಳಿಂದಾನೇ."

ಮಧ್ಯಾಹ್ನದವರೆಗೆ ತಿದ್ದಿದೆವು. ಅವಳ ಇಂಗ್ಲಿಷ್ ಏನೂ ಸಡಿಲವಾಗಿರಲಿಲ್ಲ. ಆಮೇಲೆ ಬಸ್ ನಿಲ್ದಾಣಕ್ಕೆ ಬಿಟ್ಟುಬರಲು ಹೋದೆ. ಅದ್ರಾರ್ ಬಸ್ಸಿನ ಹೊಟ್ಟೆಗೆ ಫ್ರಿಜ್ಜು, ಕಂಬಳಿ, ಸೈಕಲ್ಲು ತುಂಬುತ್ತಿದ್ದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ಉಸ್ತಾದ್, ನಂಗೆ ವರದಿ ಬಂದ ದಿನಾನೇ ಗೊತ್ತಾಯ್ತು. ಆ ಎರಡು ಪೇಪರ್ ಈ ಪ್ರಪಂಚದಲ್ಲಿ ಓದಿರೋರು ನೀವು, ನಾನು, ಇಬ್ರೇ."

ತಮಾಷೆಯಾಗಿಯೇ ಹೇಳಿದಳು. ಕಣ್ಣು ಮಾತ್ರ ತಮಾಷೆಯಲ್ಲಿರಲಿಲ್ಲ.

"ಜಗಳಕ್ಕೆ ಬಂದಿದ್ದಲ್ಲ. ನೀವಾಗೇ ಹೇಳ್ತೀರೇನೋ ಅಂತ ಬಂದೆ. ಊಟಕ್ಕೆ ಕೂತಾಗ ಹೇಳ್ತೀರಿ ಅಂದ್ಕೊಂಡೆ. ಇವತ್ತು ಲ್ಯಾಬಲ್ಲಿ ಅಂದ್ಕೊಂಡೆ."

ನಾನು ಹೇಳಿದ್ದು: "ದಾರಿಗೆ ನೀರು ತಗೊಂಡ್ಯಾ?"

"ತಗೊಂಡಿದೀನಿ" ಎಂದು ಒಳಗೆ ಹೋದಳು.

ಅವಳಿಗೆ ಗೊತ್ತಿರುವುದು ಅರ್ಧ. ಟ್ಯುನಿಸ್‌ಗೆ ಕಳಿಸಿದ್ದು ಗೊತ್ತಿಲ್ಲ.

ಡಿಸೆಂಬರ್ 18

ಟ್ಯುನಿಸ್‌ನಿಂದ ಉತ್ತರ. ನನ್ನ ಪೇಪರ್ ಸ್ವೀಕೃತ. 'ತೇವದ ಪಾತ್ರವನ್ನು ಗುರುತಿಸಿರುವುದು ಈ ಕೆಲಸದ ಹೊಸತನ' ಎಂದು ಪ್ರಶಂಸೆ. ವಿಭಾಗದಲ್ಲಿ ಬೆನ್ನು ತಟ್ಟಿದರು. ವಹೀಬಾ ದಾರಿಯಲ್ಲಿ ಕೇಕ್ ಕೊಂಡು ತಂದಳು. ಯಮ್ಮ ಹಣೆಗೆ ಮುತ್ತಿಟ್ಟಳು — ಈ ವಯಸ್ಸಿನಲ್ಲಿ, ನನಗೆ.

ಸ್ನಾನದ ಮನೆಗೆ ಹೋಗಿ ಹಣೆ ತೊಳೆದುಕೊಂಡೆ. ಯಾಕೆಂದು ಗೊತ್ತಿಲ್ಲ.

ಡಿಸೆಂಬರ್ 21, ಬೆಳಿಗ್ಗೆ

ಟ್ಯುನಿಸ್‌ನವರಿಗೆ ಬರೆದೆ: ಪೇಪರ್ ಹಿಂತೆಗೆದುಕೊಳ್ಳುತ್ತಿದ್ದೇನೆ, ಅದರ ಮುಖ್ಯ ವಿಚಾರ ನನ್ನದಲ್ಲ. ಜರ್ನಲ್ ಸಂಪಾದಕರಿಗೆ: ಲೇಖಕಿ ನನಗೆ ಪರಿಚಿತಳು, ನನ್ನ ವರದಿ ಪ್ರಾಮಾಣಿಕವಲ್ಲ, ಅವಳ ವಿಚಾರವನ್ನು ನಾನು ಬಳಸಿಕೊಂಡೆ. ಎರಡರ ಪ್ರತಿಯನ್ನೂ ಮಬ್ರೂಕಾಗೆ ಕಳಿಸಿದೆ.

ಧೈರ್ಯ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಧೈರ್ಯವಿದ್ದಿದ್ದರೆ ಬಸ್ಸಿನ ಮೆಟ್ಟಿಲ ಹತ್ತಿರ ಇರುತ್ತಿತ್ತು.

ಸಂಜೆ

ವಹೀಬಾಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು.

"ಅವತ್ತು ಅತ್ತೆ ಬೈತಿದ್ದಾಗ ನಾನು ನಕ್ಕೆ," ಎಂದಳು ಕೊನೆಗೆ. "ನೀನು ನನ್ನ ನಗೋಕೆ ಬಿಟ್ಟೆ."

ಕೊನೆಯ ಬಟ್ಟೆ ಮಡಚಿಟ್ಟು — "ಅತ್ತೆಗೆ ಹೇಳ್ಬೇಡ. ತಡ್ಕೊಳ್ಳಲ್ಲ ಅವರು."

ಜನವರಿ 13

ಸಂಪಾದಕರ ಉತ್ತರ ನಾಲ್ಕು ಸಾಲು. ಅವಳ ಪೇಪರನ್ನು ಬೇರೆಯವರಿಂದ ಹೊಸದಾಗಿ ನೋಡಿಸುತ್ತಾರೆ. ನನ್ನ ಹೆಸರು ಅವರ ಪಟ್ಟಿಯಿಂದ ತೆಗೆದಿದ್ದಾರೆ. ವಿಶ್ವವಿದ್ಯಾಲಯಕ್ಕೂ ತಿಳಿಸಿದ್ದಾರೆ.

ವಿಭಾಗದ ಮುಖ್ಯಸ್ಥರಾದ ಮಿಲೂದ್ ಸಾಹೇಬರು ನನ್ನನ್ನು ಕರೆಸಿ ಬಾಗಿಲು ಹಾಕಿಕೊಂಡರು.

"ಯಾರಾದ್ರೂ ಕೇಳಿದ್ರಾ ನಿನ್ನ? ಪೊಲೀಸ್ ಬಂದಿದ್ರಾ? ನಿನ್ನ ಮನಸ್ಸು ಹಗುರ ಆಗ್ಲಿ ಅಂತ ಇಡೀ ವಿಭಾಗಕ್ಕೆ ಮಸಿ ಬಳಿದ್ಯಲ್ಲಯ್ಯಾ!"

ಡಾಕ್ಟರೇಟ್ ವಿದ್ಯಾರ್ಥಿಗಳನ್ನು ಸದ್ಯಕ್ಕೆ ನನ್ನಿಂದ ತೆಗೆಯುತ್ತಾರಂತೆ. ನಾನು ಎದ್ದಾಗ ಅವರ ದನಿ ಇಳಿಯಿತು.

"ಎಲ್ರೂ ಮಾಡ್ತಾರೆ ಜೂಬೀರ್. ನಾನೂ ಮಾಡಿದೀನಿ. ಹೇಳ್ಕೊಂಡು ತಿರುಗಲ್ಲ, ಅಷ್ಟೇ."

ಸಮಾಧಾನಕ್ಕೆ ಹೇಳಿದ್ದು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು. ಅವರ ಜೊತೆ ಒಂದೇ ಬೆಂಚಿನಲ್ಲಿ ಕೂತಂತೆ.

ಮಬ್ರೂಕಾಳಿಂದ ಏನೂ ಇಲ್ಲ.

ಏಪ್ರಿಲ್ 3, ಶುಕ್ರವಾರ, ಬೆಳಿಗ್ಗೆ

ಮೆಸೇಜ್ ಬಂತು. ಅವಳದು. 'ಪೇಪರ್ ಒಪ್ಪಿಗೆ ಆಯಿತು.' ಇಷ್ಟೇ. ಸಲಾಂ ಇಲ್ಲ, ಸಂಬೋಧನೆ ಇಲ್ಲ. ನನಗೆ ಕಳಿಸಬೇಕಾಗಿಯೇ ಇರಲಿಲ್ಲ, ಕಳಿಸಿದ್ದಾಳೆ.

ಯಮ್ಮ ಅಡುಗೆಮನೆಯಲ್ಲಿ ಪದರ ರೊಟ್ಟಿ ಬೇಯಿಸುತ್ತಿದ್ದಳು. ವಹೀಬಾ ಕಾಫಿ ಸೋಸುತ್ತಿದ್ದಳು. ಸುದ್ದಿ ಹೇಳಿದೆ. ಯಮ್ಮ ಹಿಟ್ಟಿನ ಕೈಯಲ್ಲೇ ನಾಲಗೆ ಆಡಿಸಿ ಮದುವೆಮನೆಯ ಹಾಗೆ ಕೂಗು ಹಾಕಿದಳು; ಪಕ್ಕದ ಮನೆಯವರು ಬಾಲ್ಕನಿಯಿಂದ ಏನಾಯಿತೆಂದು ಕೇಳಿದರು. "ಫೋನ್ ಹಚ್ಚು, ಹಚ್ಚು!" ವಹೀಬಾ ಹಚ್ಚಿದಳು. ಯಮ್ಮ ಹತ್ತು ಆಶೀರ್ವಾದ ಒಂದೇ ಉಸಿರಿನಲ್ಲಿ ಮಾಡಿ ನನ್ನ ಕಡೆ ಫೋನ್ ಚಾಚಿದಳು.

"ತಗೋ. ನಿನ್ನ ಶಿಷ್ಯೆ. ನೀನೇ ತಿದ್ದಿ ಕೊಟ್ಟಿದ್ದಲ್ವಾ?"

ವಹೀಬಾ ನನ್ನನ್ನೇ ನೋಡುತ್ತಿದ್ದಳು. ಫೋನ್ ತೆಗೆದುಕೊಂಡೆ.

"ಮಬ್ರೂಕಾ," ಎಂದೆ, ಅಡುಗೆಮನೆಗೆಲ್ಲ ಕೇಳುವಷ್ಟು ಜೋರಾಗಿ. "ನಿನ್ನ ಪೇಪರ್ ಬೇಡ ಅಂತ ಬರೆದೋನು ನಾನು. ಅದರಲ್ಲಿದ್ದಿದ್ದನ್ನ ಕದ್ದೋನೂ ನಾನು. ನಿಂಗೆ ಗೊತ್ತು. ಯಮ್ಮಾಗೆ ಗೊತ್ತಿರ್ಲಿಲ್ಲ."

ಕಾವಲಿಯ ಮೇಲೆ ರೊಟ್ಟಿ ಸೀಯತೊಡಗಿತು. ಯಾರೂ ಮಗುಚಲಿಲ್ಲ.

"ಯಮ್ಮಾಗೆ ಕೊಡಿ," ಎಂದಳು ಮಬ್ರೂಕಾ.

ಯಮ್ಮ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು. ನನ್ನ ಮುಖ ನೋಡಲಿಲ್ಲ. ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡಳು. ಬೆನ್ನಷ್ಟೇ ಕಾಣುತ್ತಿದೆ. ವಹೀಬಾ ಒಲೆ ಆರಿಸಿ ಕೋಣೆಗೆ ಹೋದಳು. ನಾನು ಅಡುಗೆಮನೆಯ ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ, ಕೈಗೆ ಬೇರೇನು ಕೆಲಸ ಕೊಡುವುದೋ ತಿಳಿಯದೆ.

ಯಮ್ಮ ಹೆಚ್ಚಾಗಿ ಕೇಳುತ್ತಿದ್ದಾಳೆ. ಒಂದು ಸಲ ತಲೆಯಾಡಿಸಿದಳು. ಒಂದು ಸಲ ಕಣ್ಣೊರೆಸಿಕೊಂಡಳು, ಅಥವಾ ಹಿಟ್ಟು ಒರೆಸಿಕೊಂಡಳೋ.

ಫೋನ್ ಕೆಳಗಿಳಿಸಿದಳು. ಈಗ ಬಾಗಿಲ ಹಿಡಿಗೆ ಕೈ ಹಾಕಿದ್ದಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ.