ಅಳಿಯನಿಗೆ ತಂದ ಚಟ್ನಿಪುಡಿ

ಬಾಳೆಹೊನ್ನೂರು
೨೨ ಜನವರಿ ೨೦೨೫

ಪ್ರೀತಿಯ ಅನ್ನಮ್ಮ,

ನಿನ್ನ ಮನೆಯಿಂದ ಬಂದು ಹದಿನೆಂಟು ದಿನವಾಯಿತು. ಊರು ಮುಟ್ಟಿದೆ ಎಂದು ಒಂದು ಮಾತು ತಿಳಿಸಲಿಲ್ಲ, ನೀನು ಮಾಡಿದ ಫೋನನ್ನೂ ಎತ್ತಲಿಲ್ಲ. ಸಿಟ್ಟು ಬಂದಿರುತ್ತದೆ, ಬರಲಿ. ಮುತ್ತಿನಕೊಪ್ಪದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಾಗಿನಿಂದ ನನ್ನನ್ನು ಬೈಯುವ ಹಕ್ಕು ನಿನ್ನದೇ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯವರು ಪಕ್ಕದಲ್ಲೇ ಕೂತು, "ಮೆಲ್ಲಗೆ ಮಾತಾಡೆ, ಆಚೆ ಮನೆಗೆ ಕೇಳ್ತದೆ" ಎನ್ನುತ್ತಾರೆ. ಇದನ್ನು ಮೆಲ್ಲಗೆ ಹೇಳಲು ನನ್ನಿಂದಾಗದು. ಅದಕ್ಕೇ ಈ ಕಾಗದ.

ಮಂಗಳೂರಿನಲ್ಲಿ ನಾವಿಬ್ಬರೂ ಅಂಗಡಿ ಅಂಗಡಿ ಸುತ್ತಿದೆವಲ್ಲ. ಮಗಳ ಅತ್ತೆಗೆ ಬಾಳೆಹಣ್ಣಿನ ಹಲ್ವಾ ಮತ್ತು ಉಡುಪಿ ಕೈಮಗ್ಗದ ಸೀರೆ ತೆಗೆದುಕೊಂಡೆ. ಮೇಘನಳಿಗೆ ಓಡುದೋಸೆಯ ಮಣ್ಣಿನ ಕಾವಲಿ. ಆರು ಕಾವಲಿಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದ್ದಕ್ಕೆ ಆ ಅಂಗಡಿಯವನು, "ಎಂತ ಅಕ್ಕ, ಕಾವಲಿ ನೋಡುವುದಾ, ಮದುವೆಗೆ ಹೆಣ್ಣು ನೋಡುವುದಾ?" ಎಂದು ನಗಾಡಿದ. ಅಳಿಯ ವೀರೇಶನಿಗೆ ಖಾರವೆಂದರೆ ಪ್ರಾಣ. ಅವನಿಗೆಂದು ಹುರುಳಿ ಚಟ್ನಿಪುಡಿ ಕಟ್ಟಿಸಿಕೊಂಡೆ. ನೀನು ಅದೇ ಹೆಂಗಸಿನ ಹತ್ತಿರ ನಿನ್ನ ಮನೆಗೆ ಒಣಸಿಗಡಿಯ ಚಟ್ನಿಪುಡಿ ಕೊಂಡೆ. ಎರಡಕ್ಕೂ ಒಂದೇ ಬಣ್ಣ, ಒಂದೇ ತರಹದ ಪ್ಯಾಕೆಟ್, ಹೆಸರಿನ ಚೀಟಿಯಿಲ್ಲ. "ನಿಂದು ಲಿಂಗ ಕಟ್ಟಿದ ಮನೆ ಮಾರಾಯ್ತಿ, ಇದು ಬೇರೆ ಚೀಲದಲ್ಲಿರ್ಲಿ" ಎಂದು ನೀನು ಜಾಗ್ರತೆಯಿಂದ ಬೇರೆಯೇ ಇಟ್ಟಿದ್ದೆ.

ಕೆಡಿಸಿದವಳು ನಾನು. ಬಸ್‌ಸ್ಟ್ಯಾಂಡಿನಲ್ಲಿ ನೀನು ಬಸ್ಸು ವಿಚಾರಿಸಲು ಹೋದಾಗ, ಕಾವಲಿ ಒಡೆದೀತೆಂದು ಎರಡೂ ಚೀಲ ಬಿಚ್ಚಿ, ಸೀರೆಯನ್ನೂ ಪ್ಯಾಕೆಟ್ಟುಗಳನ್ನೂ ಅದರ ಸುತ್ತ ಒತ್ತಾಗಿ ಇಟ್ಟೆ. ಆಮೇಲೆ ನಿನ್ನದೆಂದು ನಿನ್ನ ಚೀಲಕ್ಕೆ ವಾಪಸು ಹಾಕಿದ್ದು ಹುರುಳಿಯದು, ನನ್ನ ಚೀಲದಲ್ಲಿ ಉಳಿದದ್ದು ಸಿಗಡಿಯದು.

ಮಾರನೆಯ ದಿನ ಕೊಪ್ಪಕ್ಕೆ, ಮೇಘನಳ ಮನೆಗೆ ಹೋಗಿ ಎಲ್ಲವನ್ನೂ ಕೊಟ್ಟು ಬಂದೆ. ಎರಡು ದಿನ ಕಳೆದು ಅಳಿಯನ ಫೋನು. "ಅತ್ತೆ, ಇಂಥ ಚಟ್ನಿಪುಡಿ ಹುಟ್ಟಿದ ಮೇಲೆ ತಿಂದಿರ್ಲಿಲ್ಲ. ಇನ್ನೆರಡು ಪ್ಯಾಕೆಟ್ ತರ್ಬೇಕಿತ್ತು!" ನಾನು ಉಬ್ಬಿಹೋದೆ. ಅವನ ತಾಯಿಗೆ ಹೊಟ್ಟೆಹುಣ್ಣು, ಖಾರ ಮುಟ್ಟುವುದಿಲ್ಲ. ಹಾಗಾಗಿ ದೋಸೆಗೂ ಅನ್ನಕ್ಕೂ ಅವನೊಬ್ಬನೇ ಹಾಕಿಕೊಂಡ.

ಐದನೆಯ ದಿನ ಅವನು ಅದನ್ನು ಡಬ್ಬಿಯಲ್ಲಿ ತನ್ನ ಹಾರ್ಡ್‌ವೇರ್ ಅಂಗಡಿಗೆ ಒಯ್ದಿದ್ದಾನೆ, ಪಾಲುದಾರ ಸೋಮನಾಥನಿಗೆ ರುಚಿ ತೋರಿಸಲೆಂದು. ಆ ಮನುಷ್ಯ ಮೀನು ತಿನ್ನುವವನು. ಬಾಯಿಗಿಟ್ಟವನೇ, "ಎಂತ ಮಾರಾಯ, ನೀನು ಯಾವಾಗಿಂದ ಸಿಗಡಿ ತಿನ್ನಕ್ಕೆ ಶುರು ಮಾಡ್ದೆ?" ಎಂದು ನಕ್ಕನಂತೆ. ಅಂಗಡಿ ತುಂಬ ಗಿರಾಕಿಗಳು. ಎಲ್ಲರೂ ನಕ್ಕರಂತೆ.

ಮಧ್ಯಾಹ್ನ ಅವನು ಮನೆಗೆ ಬಂದಾಗ ಮೇಘನ ನಾನು ಕೊಟ್ಟ ಕಾವಲಿಯಲ್ಲಿ ದೋಸೆ ಹೊಯ್ಯುತ್ತಿದ್ದಳು. ಹಿಂದಿನಿಂದ ಜಡೆ ಹಿಡಿದು ಅವಳ ಮುಖವನ್ನು ಅಡುಗೆಕಟ್ಟೆಯ ಕಲ್ಲಿಗೆ ಜಜ್ಜಿದ. ಮುಂದಿನ ಎರಡು ಹಲ್ಲು ಹೋದವು. ಎಡಗೈಯನ್ನು ಹಿಡಿದು ಕಾದ ಕಾವಲಿಯ ಮೇಲೆ ಒತ್ತಿದ, ಚರ್ಮ ಕಾವಲಿಗೇ ಅಂಟಿಕೊಳ್ಳುವವರೆಗೆ. ಆಮೇಲೆ ಅದೇ ಕಾವಲಿಯನ್ನು ಅವಳ ಬೆನ್ನಿಗೆ ಹೊಡೆದು ಚೂರು ಮಾಡಿದ, ಫೋನನ್ನು ಒಡೆದ. ಅವನ ತಾಯಿ ಬಾಗಿಲಲ್ಲಿ ನಿಂತು ಹೇಳಿದ್ದು ಏನು ಗೊತ್ತೇ? "ಮೊದ್ಲು ಸ್ನಾನ ಮಾಡ್ಕಂಡು ಬಾ ಮಗನೇ, ಕೊರಳಲ್ಲಿ ಲಿಂಗ ಇದೆ."

ಪಕ್ಕದ ಮನೆಯ ಶಾಂತಕ್ಕ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದು ನನಗೆ ಫೋನು ಮಾಡಿದಳು. ನಾನು ಹೋಗಿ ಆ ಕೈ ನೋಡಿದೆ. ಒಂದು ಹನಿ ಕಣ್ಣೀರು ಬರಲಿಲ್ಲ ಅನ್ನಮ್ಮ. ನೆಟ್ಟಗೆ ಅವನ ಅಂಗಡಿಗೆ ನಡೆದೆ. ಬಾಗಿಲಲ್ಲಿ ಗುದ್ದಲಿಯ ಮರದ ಕಾವುಗಳನ್ನು ಕಟ್ಟಿಟ್ಟಿದ್ದರು. ಒಂದನ್ನು ಎಳೆದುಕೊಂಡೆ. "ಅತ್ತೆ, ಕೂತ್ಕಳಿ, ಮಾತಾಡಣ" ಎಂದ. ಮೊದಲ ಏಟಿಗೆ ಭುಜದ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಎರಡನೆಯದು ಕಿವಿಯ ಮೇಲೆ. ನಾಲ್ಕು ಜನ ಹಿಡಿದುಕೊಳ್ಳದಿದ್ದರೆ ನಾನು ಇವತ್ತು ಜೈಲಿನಿಂದ ಬರೆಯುತ್ತಿದ್ದೆ. ಪಶ್ಚಾತ್ತಾಪವಿದೆಯೇ ಎಂದು ಪೊಲೀಸಿನವರು ಕೇಳಿದರು. ಇಲ್ಲ ಎಂದೆ, ಹಾಗೇ ಬರೆದುಕೊಂಡರು. ಈಗ ಎರಡೂ ಕಡೆಯ ದೂರು ಠಾಣೆಯಲ್ಲಿದೆ.

ಬೀಗರು ತಮ್ಮ ಮನೆಯ ಅಯ್ಯನವರನ್ನು ಕರೆಸಿ ಶುದ್ಧಿ ಕೇಳಿದರಂತೆ. ಅವರು, "ತಿಳೀದೆ ತಿಂದಿದ್ದು. ಸ್ನಾನ ಮಾಡಿ ಲಿಂಗಪೂಜೆ ಮಾಡು, ಮುಗೀತು. ಆ ಕೂಸಿನ ಕೈ ಸುಟ್ಟಿದ್ಯಲ್ಲ, ಅದಕ್ಕೆ ನನ್ನ ಹತ್ರ ನೀರಿಲ್ಲ" ಎಂದು ಎದ್ದು ಹೋದರಂತೆ. ಆ ಹಿರಿಯರು ಚೆನ್ನಾಗಿರಲಿ.

ಮೇಘನ ಈಗ ನನ್ನ ಹತ್ತಿರವೇ ಇದ್ದಾಳೆ. ನಮ್ಮ ಮನೆಯವರು ಮಾತ್ರ, "ಸೋಮವಾರ ನಾನೇ ಕರ್ಕಂಡು ಹೋಗಿ ಬಿಟ್ಟು ಬರ್ತೀನಿ. ಒಂದ್ ಸಲ ಕೈ ತಪ್ಪಿದೆ. ನೀನೂ ಹೊಡ್ದಿದೀಯ, ಸರಿಹೋಯ್ತು" ಎನ್ನುತ್ತಾರೆ. ನಿನ್ನ ಹತ್ತಿರ ಮುಚ್ಚುವುದೇನು, ಒಮ್ಮೊಮ್ಮೆ ನನಗೂ ಹಾಗೇ ಅನಿಸುತ್ತದೆ. ಮೂರು ವರ್ಷದ ಸಂಸಾರ. ನಾನು ಪ್ಯಾಕೆಟ್ಟು ಅದಲುಬದಲು ಮಾಡದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನನ್ನ ತಪ್ಪಿಗೆ ಅವಳ ಮನೆ ಯಾಕೆ ಮುರಿಯಬೇಕು? ನೀನು ಏನು ಹೇಳುತ್ತೀ?

ನಿನ್ನ ಸೊಸೆ ಗಗನಾಳಿಗೆ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ಚೆನ್ನಾಗಿರಲಿ. ನಿನ್ನ ಮಂಡಿನೋವು ನನ್ನ ಶತ್ರುವಿಗೆ ಹೋಗಲಿ. ಯಾರೆಂದು ನಿನಗೆ ಗೊತ್ತು.

ನಿನ್ನ
ಸರ್ವಮಂಗಳಾ

ಮರೆತ ಮಾತು: ಬೆಳಿಗ್ಗೆ ಅಂಚೆಗೆ ಹಾಕುವ ಮುಂಚೆ ಇದನ್ನು ಮೇಘನಳಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, "ತಪ್ಪು ನಿಂದು ಅಂತ ಬರೀಬೇಡ ಅಮ್ಮ. ಮೊದಲ್ನೇ ದಿನ ಪ್ಯಾಕೆಟ್ ಬಿಚ್ಚಿದ ತಕ್ಷಣ ವಾಸ್ನೆಗೇ ಸಿಗಡಿ ಅಂತ ನಂಗೆ ಗೊತ್ತಾಯ್ತು. ಹಾಸ್ಟೆಲ್ಲಲ್ಲಿ ರೂಮಿನವಳು ತರ್ತಿದ್ಲು" ಎಂದಳು. ಗೊತ್ತಿದ್ದೂ ಯಾಕೆ ಬಡಿಸಿದೆ ಎಂದು ನಾನು ಕಿರುಚಿದೆ. "ಅವ್ರು ನಗ್ತಾ ಊಟ ಮಾಡಿ ಎದ್ರಮ್ಮ. ಆ ನಾಲ್ಕ್ ದಿನ ಹೊಡೀಲಿಲ್ಲ" ಎಂದಳು.

ಸೋಮವಾರ ನಾವಿಬ್ಬರೂ ನಿನ್ನ ಮನೆಗೆ ಬರುತ್ತೇವೆ, ಜಾಗ ಮಾಡಿಡು. ಮೂರು ವರ್ಷದಲ್ಲಿ ಎಷ್ಟು ಸಲ ಫೋನು ಮಾಡಿದ್ದೇನೆ ಅವಳಿಗೆ. ಪ್ರತಿ ಸಲವೂ ಕೇಳಿದ್ದು, ಅಳಿಯಂದಿರಿಗೆ ಏನು ತರಲಿ ಎಂದೇ.