ಎಳನೀರು ಹಿಡಿದ ದಿನ

ಕರಿಮುಂಜಾವಾ ದ್ವೀಪ
೯ ಫೆಬ್ರವರಿ ೨೦೦೩

ಮಗಳು ರುಮಿನಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತೆಂದು ಸಿಟ್ಟಾಗಬೇಡ. ಸಮುದ್ರ ಎದ್ದಿದೆ, ಹನ್ನೊಂದು ದಿನದಿಂದ ಜೆಪಾರದ ದೋಣಿ ಇಲ್ಲ. ಇದ್ದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ.

ಮತ್ತೆ ಬಸುರಿಯಾಗಿದ್ದೀಯ ಎಂದು ಓದಿ ಹಿಗ್ಗಬೇಕಿತ್ತು. ಆದರೆ ಸ್ಕ್ಯಾನಿಂಗಿಗೆ ಹೋಗುವುದಿಲ್ಲ, ಹೋದ ಸಲ ಆ ಕುರುಡು ಯಂತ್ರಕ್ಕೆ ಏನು ಕಂಡಿತು ಎಂದು ಕೇಳಿದ್ದೀಯ. ನಮ್ಮ ಪಕ್ಕದ ಮನೆ ಸುರ್ತಿಯ ಸೊಸೆಗೆ ಮಗುವಿನ ಹೊಟ್ಟೆಯಲ್ಲಿ ಗಂಟಿದೆ ಎಂದರು, ಅವಳು ಮೂರು ತಿಂಗಳು ಸರಿಯಾಗಿ ಅನ್ನ ತಿನ್ನಲಿಲ್ಲ, ಮಗು ಗಟ್ಟಿಮುಟ್ಟಾಗಿ ಗುಂಡುಕಲ್ಲಿನ ಹಾಗೆ ಹುಟ್ಟಿತು ಎಂದೂ ಬರೆದಿದ್ದೀಯ. ಅದೂ ನಿಜವೇ. ಆದರೂ ಹೋಗು, ಮಗಳೇ.

ಅಳಿಯ ಕಸ್ಮಾನ್ ಮರ ಉಜ್ಜುವ ಕೆಲಸಕ್ಕೆ ಒಗ್ಗಿದನೇ? ಹೋದ ಸಲ ಹೆಂಡತಿ ಬಸುರಿಯಾಗಿರುವಾಗ ಮೀನಿನ ಹೊಟ್ಟೆ ಸೀಳಿದ, ಅದಕ್ಕೇ ಮಗು ಕರುಳು ಹೊರಗಿಟ್ಟುಕೊಂಡು ಹುಟ್ಟಿತು ಎಂದು ಊರೆಲ್ಲ ಆಡಿಕೊಂಡಿತು. ನಾನೂ ಎದುರಿಗೇ ಕೇಳಿದ್ದೆ: "ನಿನ್ ಕೈಗೆ ಒಂಬತ್ ತಿಂಗಳು ಸುಮ್ನಿರೋಕಾಗ್ಲಿಲ್ವೇನೋ?" ಅವನು ಚಾಕು ತೊಳೆದಿಟ್ಟ. ಮರುತಿಂಗಳೇ ಬಲೆ ಮಾರಿ ನಿನ್ನನ್ನು ಕರೆದುಕೊಂಡು ಆಚೆ ದಡದ ಜೆಪಾರಕ್ಕೆ ಹೋದ. ಅವನಿಗೆ ನನ್ನಂಥ ಅತ್ತೆ ಸಿಗಬಾರದಿತ್ತು.

ಹೋದ ಸಲದ ನಿನ್ನ ಏಳು ತಿಂಗಳ ಶಾಸ್ತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದೊಂದು ಬಟ್ಟೆ ಉಡಿಸಿದಾಗಲೂ ಹೆಂಗಸರು "ಒಪ್ಪಲ್ಲ, ಒಪ್ಪಲ್ಲ" ಎಂದು ನಕ್ಕು, ಏಳನೆಯದಕ್ಕೆ "ಈಗ ಒಪ್ತು ನೋಡು" ಎಂದರು. ರತಿ ಕಾಮರನ್ನು ಬರೆದ ಎಳನೀರನ್ನು ನಿನ್ನ ಉಡುಗೆಯೊಳಗಿಂದ ಜಾರಿಸಿದಾಗ ನಾನೇ ಹಿಡಿದು ಎದೆಗೊತ್ತಿಕೊಂಡು ಅತ್ತೆ. ಸಂತೋಷಕ್ಕೆ ಅಳುತ್ತಿದ್ದೇನೆ ಎಂದುಕೊಂಡೆ ನೀನು.

ಅಲ್ಲಾಹನು ನಿನ್ನನ್ನೂ ಹೊಟ್ಟೆಯಲ್ಲಿರುವ ಜೀವವನ್ನೂ ಕಾಯಲಿ.

ನಿನ್ನ ಅಮ್ಮ,
ಪಾರ್ತಿನಾ

ಮತ್ತೊಂದು ಮಾತಿದೆ. ಯಂತ್ರ ಕುರುಡಾಗಿರಲಿಲ್ಲ. ಹೋದ ಸಲ ಸ್ಕ್ಯಾನಿಂಗ್ ಮುಗಿದು ನೀನು ಒಳಗೆ ಬಟ್ಟೆ ಸರಿಮಾಡಿಕೊಳ್ಳುತ್ತಿದ್ದಾಗ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಎಲ್ಲ ಹೇಳಿದರು. ಎಂಟು ತಿಂಗಳು ತುಂಬುವ ಮೊದಲೇ ಸೆಮಾರಾಂಗಿನ ದೊಡ್ಡಾಸ್ಪತ್ರೆ ಸೇರಬೇಕು, ಹುಟ್ಟಿದ ದಿನವೇ ಕರುಳನ್ನು ಒಳಗಿಟ್ಟು ಹೊಲಿಯುತ್ತಾರೆ, ಬಹಳ ಮಕ್ಕಳು ಬದುಕುತ್ತವೆ ಎಂದು ಚೀಟಿ ಕೊಟ್ಟರು. ಮಗಳಿಗೆ ನಾನೇ ನಿಧಾನವಾಗಿ ಹೇಳುತ್ತೇನೆ ಎಂದೆ. ಶಾಸ್ತ್ರ ಮುಗಿಯಲಿ, ಅಲ್ಲಿಯವರೆಗೆ ನಗುತ್ತಿರಲಿ ಎಂದುಕೊಂಡೆ. ಎಳನೀರು ಹಿಡಿದಾಗ ಆ ಚೀಟಿ ನನ್ನ ಸೊಂಟದಲ್ಲೇ ಇತ್ತು. ಮರುದಿನ ಸಮುದ್ರ ಎದ್ದಿತು. ಮೂರನೆಯ ವಾರಕ್ಕೆ ನಿನಗೆ ನೋವು ಬಂತು. ಮಗು ಎರಡು ದಿನ ದೋಣಿಗೆ ಕಾದು ಕಣ್ಣು ಮುಚ್ಚಿತು.

ಚೀಟಿ ಇದರ ಜೊತೆಗಿದೆ. ಕಸ್ಮಾನನಿಗೆ ಓದಿ ಹೇಳು. ಆಮೇಲೆ ನನಗೆ ಬರೆಯದಿದ್ದರೂ ಸರಿ, ಸ್ಕ್ಯಾನಿಂಗಿಗೆ ಹೋಗು. ಡಾಕ್ಟರು ಹೇಳುವುದನ್ನು ನಿನ್ನ ಕಿವಿಯಿಂದಲೇ ಕೇಳಿಸಿಕೋ.