ಕೊಕ್ಕೆಗೆ ತೂಗಿದ ಕಾಲುಗಳು

ಫೆಬ್ರವರಿ 9

ಅಕ್ಷರ ಕೋಳಿ ಕೆದಕಿದ ಹಾಗಿದೆ, ಕಾಗುಣಿತವೂ ತಪ್ಪಿರುತ್ತದೆ. ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ, ಓದುವವರೇ ಇಲ್ಲ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಸೈನಿಕರು ಇಳಿದುಕೊಂಡರು. ಇನ್ನೂ ಎದ್ದು ಹೋಗಿಲ್ಲ. ನನಗೆ ಇಪ್ಪತ್ತು ದಾಟಿತು.

ಇವತ್ತೂ ಅದೇ ಕೆಲಸ. ವರ್ಕ್‌ಶಾಪಿನ ಬೀಗ ತೆಗೆದೆ, ಕಸ ಗುಡಿಸಿದೆ, ಯುದ್ಧದಲ್ಲಿ ಕಾಲು ಹೋದವರ ಮರದ ಕಾಲುಗಳಿಗೆ ಉಪ್ಪುಕಾಗದ ಉಜ್ಜಿದೆ. ಇವತ್ತು ಉಜ್ಜಿದ್ದು ಅಣ್ಣನ ಕಾಲು. ಬಲಗಾಲು, ಮೊಣಕಾಲಿನ ಕೆಳಗಿನದು. ಬೇರೆಯವರದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದೆ. ಮೇಸ್ತ್ರಿ ನೋಡಿಯೂ ನೋಡದ ಹಾಗಿದ್ದರು.

ಫೆಬ್ರವರಿ 12

ಕಾಲು ರೆಡಿ. ಮನೆಗೆ ಒಯ್ಯೋಣವೆಂದು ಚೀಲ ತಂದಿದ್ದೆ. ಆಫೀಸರ್ ತಡೆದರು.

"ಒಂದೂ ಹೊರಗೆ ಹೋಗೋ ಹಾಗಿಲ್ಲ. ನಾಯಕರೇ ಬಂದು ಕೈಯಾರೆ ಕೊಡ್ತಾರೆ. ಟಿವಿಯೋರೂ ಬರ್ತಾರೆ."

"ಯಾವತ್ತು ಸಾರ್?" ಮೇಸ್ತ್ರಿ ಕೇಳಿದರು.

"ಈ ವಾರ. ಇಲ್ಲಾಂದ್ರೆ ಮುಂದಿನ ವಾರ."

ಗೋಡೆಯ ಕೊಕ್ಕೆಗೆ ತೂಗುಹಾಕಿದೆ. ಎಲ್ಲರ ಕಾಲುಗಳೂ ಸಾಲಾಗಿ ನೇತಾಡುತ್ತಿವೆ, ಕಟುಕನ ಅಂಗಡಿಯ ಹಾಗೆ. ಚೀಲ ಮಡಚಿಕೊಂಡು ಹೊರಟೆ. ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ.

ಅಣ್ಣ ಮನೆಯ ಬಾಗಿಲಲ್ಲೇ ಕಾಯುತ್ತಿದ್ದ. ಖಾಲಿ ಚೀಲ ನೋಡಿ, "ಬಿಡೇ ಗುಬ್ಬಿ, ಒಂದು ಕಾಲಿಗೆ ಒಂದೇ ಚಪ್ಪಲಿ. ನಿನ್ನಣ್ಣ ಉಳಿತಾಯ ಮಾಡ್ತಿದಾನೆ" ಎಂದ. ಊರುಗೋಲು ಹಿಡಿದು ಬಚ್ಚಲಿಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ಫೆಬ್ರವರಿ 26

ನಾಯಕರು ಬರಲಿಲ್ಲ. ಎಲ್ಲೋ ಭಾಷಣವಂತೆ. ರೇಡಿಯೋದಲ್ಲಿ ಕೇಳಿದೆ — ಗೆಲುವಿಗೆ ಇನ್ನೊಂದೇ ಹೆಜ್ಜೆ. ನಾನು ಶಾಲೆಯಲ್ಲಿದ್ದಾಗಲೂ ಇದನ್ನೇ ಹೇಳಿದ್ದರು. ಅದೇ ಗಂಟಲು. ಆ ಹೆಜ್ಜೆ ಯಾರದ್ದು ಸ್ವಾಮಿ? ನಿಮ್ಮದೊಂದು ಕಾಲಾದರೂ ಈ ಗೋಡೆಯ ಮೇಲಿದೆಯೇ?

ಇವತ್ತೇ ಮುಂದಿನ ವರ್ಷದ ಮರ ಬಂದು ಇಳಿಯಿತು. ಹೋದ ಸಲ ಒಂದು ಲಾರಿ. ಈ ಸಲ ಎರಡು. ಅಂದರೆ ಅವರಿಗೆ ಗೊತ್ತು. ಕಾಲು ಹೋಗುವ ಮೊದಲೇ ಮರಕ್ಕೆ ಆರ್ಡರ್ ಹೋಗಿದೆ. ಆ ಹುಡುಗರು ಈಗ ಯಾವುದೋ ಬೀದಿಯಲ್ಲಿ ಚೆಂಡು ಒದೆಯುತ್ತಿರುತ್ತಾರೆ.

ಮಾರ್ಚ್ 15

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಕಾಗದ ಹರಿದುಹೋಗುತ್ತಿತ್ತು.

ಬಾವು ಇಳಿದು ಅಣ್ಣನ ಮೊಂಡುಗಾಲು ಸಣ್ಣಗಾಗಿದೆ. ಮೇಸ್ತ್ರಿ ಟೇಪು ಸುತ್ತಿ ನೋಡಿ ತಲೆ ಅಲ್ಲಾಡಿಸಿದರು. ಅಳತೆಗೆ ಮಾಡಿದ ಕಾಲು ಈಗ ಸಡಿಲ. ಆಫೀಸರಿಗೆ ಹೇಳಿದರು.

"ಸಾರ್, ಹಾಕ್ಕೊಂಡು ನಡೀತಾ ಇದ್ರೆ ನಾವೂ ಸರಿ ಮಾಡ್ತಾ ಹೋಗಬಹುದು. ಹೀಗೆ ನೇತುಹಾಕಿದ್ರೆ ಯಾರಿಗೂ ಆಗಲ್ಲ."

"ಫೋಟೋಗೆ ಆಗುತ್ತಲ್ಲ? ಸಾಕು."

ಅಣ್ಣ ಮನೆಯಲ್ಲಿ ಜೋಕು ಮಾಡುವುದನ್ನು ನಿಲ್ಲಿಸಿದ್ದಾನೆ. ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ. ಆ ಗೋಡೆಯಲ್ಲಿ ಏನಿದೆ?

ಮಾರ್ಚ್ 21, ಸಂಜೆ

ನಾಳೆ ನಾಯಕರು ಬರುವುದು ಖಂಡಿತವಂತೆ. ಕಾಲಿಲ್ಲದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ಅಭ್ಯಾಸ ಮಾಡಿಸಿದರು. ಟಿವಿಯಲ್ಲಿ ಮಾತಾಡಬೇಕಾದವನು ಅಣ್ಣ. ಕಾಲು ತೆಗೆದುಕೊಂಡು, ಕೈಮುಗಿದು, "ನನ್ನ ಇನ್ನೊಂದು ಕಾಲೂ ದೇಶಕ್ಕೇ" ಎನ್ನಬೇಕು.

"ಸಾರ್, ಅದೊಂದನ್ನಾದ್ರೂ ನನಗೆ ಬಿಡಿ" ಎಂದ ಅಣ್ಣ.

ಬೆಂಚಿಗೆ ಬೆಂಚೇ ನಕ್ಕಿತು. ಆಫೀಸರ್ ನಗಲಿಲ್ಲ.

"ನಾಳೆ ಹೇಳ್ಲಿಲ್ಲಾಂದ್ರೆ ನಿನಗೆ ಕಾಲಿಲ್ಲ. ಮತ್ತೆ ಅರ್ಜಿ ಹಾಕ್ಕೊಂಡು ಕೂತ್ಕೊ."

ನಗು ನಿಂತಿತು. ಅಣ್ಣ ನೆಲ ನೋಡಿದ. ಯುದ್ಧಕ್ಕೆ ಹೋದಾಗಲೂ ಅವನು ಹಾಗೆ ನೆಲ ನೋಡಿರಲಿಲ್ಲ. ಬೀಗದ ಕೈ ನನ್ನ ಸೆರಗಿನಲ್ಲಿದೆ.

ಮಾರ್ಚ್ 22, ಬೆಳಿಗ್ಗೆ

ಬೇಗ ಬಂದು ಬೀಗ ತೆಗೆದೆ. ಬೆಂಚಿನವರನ್ನು ಆಗಲೇ ತಂದು ಬಾಗಿಲ ಹೊರಗೆ ಕೂರಿಸಿದ್ದರು. ಆಫೀಸರ್ ಹೂವಿನ ಹಾರ ತರಲು ಹೋಗಿದ್ದರು.

ಮೊದಲು ಅಣ್ಣನದ್ದು ಇಳಿಸಿದೆ. ಮೊಂಡುಗಾಲಿಗೆ ಎರಡು ಉಣ್ಣೆಯ ಕಾಲುಚೀಲ ಏರಿಸಿ, ಪಟ್ಟಿ ಬಿಗಿದೆ. ಗೋಡೆ ಹಿಡಿದು ನಿಂತ. ಬಿಟ್ಟ. ಕುಂಟುತ್ತ ಗೇಟಿನವರೆಗೆ ಹೋಗಿ ತಿರುಗಿ ನೋಡಿದ.

"ನಿನ್ನ ಸುಮ್ನೆ ಬಿಡಲ್ಲ ಕಣೇ ಅವ್ರು."

"ನೀನು ಹೋಗು" ಎಂದೆ. ಇಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿಲ್ಲ. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಕೈ ಚಾಚಿದರು. ಕೊಟ್ಟೆ. ಹಾಕಿಕೊಂಡು ಹೋದರು.

ಮೇಸ್ತ್ರಿ ಬಂದು ಗೋಡೆ ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. "ಕೊಕ್ಕೆಗಳ ಮೇಲೆಲ್ಲ ಧೂಳು ಕೂತಿದೆ ನೋಡಮ್ಮ" ಎಂದು ಹೇಳಿ ನನ್ನ ಪಕ್ಕದಲ್ಲೇ ಕೂತರು. ಎದ್ದು ಹೋಗಲಿಲ್ಲ.

ಗೇಟಿನಲ್ಲಿ ಕಾರುಗಳ ಸದ್ದು. ಖಾಲಿ ಕೊಕ್ಕೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದೇನೆ. ಟಿವಿಯವರಿಗೆ ಚೆನ್ನಾಗಿ ಕಾಣ—